ಔರಾದದಲ್ಲಿ ಚಕ್ರ ನಿಂತ ದಿನ

ಬೀದರದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವ ಮಾಯಾ ಹಲಬರ್ಗಾ ಊರಿನವರು. ಕಂಡದ್ದನ್ನು ಹಾಗೇ ನಂಬುವ ಸ್ವಭಾವ ಅವರಿಗೆ ಚಿಕ್ಕಂದಿನಿಂದಲೂ ಇರಲಿಲ್ಲ. ಭಾಲ್ಕಿಯಲ್ಲಿ ಒಬ್ಬಾತ ನೀರಿನಿಂದ ಬೈಕು ಓಡಿಸುತ್ತೇನೆಂದು ಜನ ಸೇರಿಸಿದಾಗ, ಸೀಟು ಬಿಚ್ಚಿಸಿ ಅಡಿಯಲ್ಲಿದ್ದ ಪೆಟ್ರೋಲ್ ಬಾಟಲಿ ಹೊರಗೆ ತೆಗೆದವರು ಅವರೇ. ಬೀದರದ ಗಾಂಧಿ ಗಂಜ್ ಮಾರುಕಟ್ಟೆಯ ಅಂಗಡಿಗಳಿಗೆ ಕರೆಂಟ್ ಬಿಲ್ಲು ಅರ್ಧಕ್ಕಿಳಿಸುವ ಡಬ್ಬಿ ಮಾರಲು ಒಬ್ಬ ಬಂದಿದ್ದ. ಅವನೆದುರೇ ಅದನ್ನು ಬಿಚ್ಚಿ, ಒಳಗೆ ಮಿನುಗುವ ದೀಪದ ಹೊರತು ಹೇಳಿಕೊಳ್ಳುವಂಥದ್ದು ಏನೂ ಇಲ್ಲವೆಂದು ತೋರಿಸಿದ್ದರು. ಪ್ರವೀಣಕುಮಾರ ಎಂಬ ತರುಣ ಇವನ್ನೆಲ್ಲ ಮೊಬೈಲಿನಲ್ಲಿ ಹಿಡಿದು ತನ್ನ ಚಾನೆಲ್ಲಿಗೆ ಹಾಕುತ್ತಿದ್ದ. ಬಸ್ಸಿನಲ್ಲಿ ಜನ ಗುರುತು ಹಿಡಿದು ಮಾತಾಡಿಸತೊಡಗಿದರು. ಮಾಯಾರಿಗೆ ಅದು ಹಿತವೆನಿಸುತ್ತಿತ್ತು.

ಹೀಗಿರುವಾಗ ಔರಾದದಿಂದ ಬದ್ರೋದ್ದೀನ ಎಂಬುವವರು ಕಾಲೇಜಿಗೆ ಹುಡುಕಿಕೊಂಡು ಬಂದರು. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ಅವರ ಕಸುಬು.

“ಒಂದು ಮಶೀನ್ ಮಾಡೀನ್ರಿ ಮೇಡಂ. ಒಮ್ಮಿ ತಿರುವಿ ಬಿಟ್ರ ತನಗ ಬೇಕಾದ ಕರೆಂಟ್ ತಾನೇ ಮಾಡಿಕೊಂಡು ತಿರಗ್ತದ. ಬಂದು ನೋಡ್ರಿ. ತಪ್ಪಿದ್ರ ತಪ್ಪು ಅಂತ ಹೇಳ್ರಿ.”

ಅಂಥ ಯಂತ್ರ ಆಗದ ಮಾತೆಂದು ಮಾಯಾರಿಗೆ ಗೊತ್ತಿತ್ತು. ಆದರೂ ಭಾನುವಾರ ಪ್ರವೀಣಕುಮಾರನನ್ನು ಕರೆದುಕೊಂಡು ಹೊರಟರು.

ಅಂಗಡಿಯ ಮುಂದೆ ಆಗಲೇ ಜನ ನೆರೆದಿದ್ದರು. ಕೆಳಗೆ ಏನೂ ಇಲ್ಲವೆಂಬುದು ಎಲ್ಲರಿಗೂ ಕಾಣಲೆಂದು ಬದ್ರೋದ್ದೀನರು ಯಂತ್ರವನ್ನು ಬಯಲಿಗೆ ತಂದು ಕಲ್ಲುಗಳ ಮೇಲೆ ಇರಿಸಿದ್ದರು. ನಡುವೆ ಭಾರವಾದ ಕಬ್ಬಿಣದ ಚಕ್ರ, ಈಚೆ ಅದನ್ನು ತಿರುಗಿಸುವ ಮೋಟಾರು, ಆಚೆ ಆ ಮೋಟಾರಿಗೇ ಕರೆಂಟ್ ಕೊಡುವ ಡೈನಮೊ. ಮಾಯಾ ಒಂದೊಂದೇ ತಂತಿಯನ್ನು ಬೆರಳಿನಿಂದ ಹಿಡಿದು ಕೊನೆಯವರೆಗೆ ನೋಡಿದರು. ಎಲ್ಲೂ ಮೋಸವಿರಲಿಲ್ಲ.

ಅಂಗಡಿಯ ಕರೆಂಟಿನಿಂದ ಚಕ್ರಕ್ಕೆ ವೇಗ ಬಂದ ಮೇಲೆ ಬದ್ರೋದ್ದೀನರು ಪ್ಲಗ್ಗು ಕಿತ್ತರು. ಚಕ್ರ ತಿರುಗುತ್ತಲೇ ಇತ್ತು. ಡೈನಮೊಗೆ ಸಿಕ್ಕಿಸಿದ ಬಲ್ಬೂ ಉರಿಯಿತು. ಸ್ವಲ್ಪ ಹೊತ್ತಿಗೆ ಅವರು ನಿಲ್ಲಿಸಲು ಕೈ ಚಾಚಿದರು.

“ಇಷ್ಟಕ್ಕ ಬಂದ್ ಮಾಡ್ತೇನ್ರಿ. ಬೇರಿಂಗ್ ಕಾಯ್ತಾವ.”

“ಬ್ಯಾಡ್ರಿ ಚಾಚಾ. ತಾನೇ ನಿಲ್ಲೋ ತನಕ ಬಿಡ್ರಿ.”

ಮಾಯಾರಿಗೆ ಎಲ್ಲ ಆಗಲೇ ತಿಳಿದುಹೋಯಿತು. ಮೊದಲು ತಿರುಗಿಸಿದಾಗ ಚಕ್ರದಲ್ಲಿ ಸೇರಿದ ಶಕ್ತಿಯಷ್ಟೇ ಈಗ ಖರ್ಚಾಗುತ್ತಿತ್ತು. ಬೇರಿಂಗ್ ಕೆಟ್ಟೀತೆಂದು ಆ ಮನುಷ್ಯ ಪ್ರತಿ ಸಲವೂ ನಡುವೆಯೇ ನಿಲ್ಲಿಸಿದ್ದರು. ಕೊನೆಯನ್ನು ಒಮ್ಮೆಯೂ ಕಂಡಿರಲಿಲ್ಲ. ಬಲ್ಬು ಕೆಂಪಗಾಗಿ ಆರಿತು. ಚಕ್ರ ನಿಂತಿತು. ಬದ್ರೋದ್ದೀನರು ಅದರ ಮೇಲೆ ಕೈಯಿಟ್ಟರು.

ಪ್ರವೀಣಕುಮಾರ ಮೊಬೈಲು ತಿರುಗಿಸಿದ. “ಮತ್ತೊಬ್ಬ ಮೋಸಗಾರ ಸಿಕ್ಕಂಗಾತಲ್ರಿ ಮೇಡಂ?”

ಇಲ್ಲ ಎನ್ನಲು ಒಂದೇ ಮಾತು ಸಾಕಿತ್ತು. ಆದರೆ ಜನ ಆಗಲೇ ನಗುತ್ತಿದ್ದರು. ಮಾಯಾ ಕೂಡ ನಕ್ಕರು. “ಎಲ್ಲಾರೂ ನೋಡೀರಿ. ನಾ ಬ್ಯಾರೆ ಏನು ಹೇಳಬೇಕ್ರಿ?”

ಆ ವಿಡಿಯೊ ಅವರ ಬೇರೆಲ್ಲ ವಿಡಿಯೊಗಳಿಗಿಂತ ದೂರ ಹೋಯಿತು. ತರಗತಿಯಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು. ತಮ್ಮ ಆ ನಗುವನ್ನು ಎರಡನೆಯ ಸಲ ನೋಡಲು ಮಾಯಾರಿಗೆ ಆಗಲಿಲ್ಲ. ಔರಾದಕ್ಕೆ ಹೋಗಿ ಬರಬೇಕು ಎಂದುಕೊಂಡರು. ಕಾಲೇಜಿನ ಕೆಲಸದ ನೆಪದಲ್ಲಿ ಮುಂದೂಡಿದರು.

ಕೆಲವು ತಿಂಗಳ ಮೇಲೆ ಪರೀಕ್ಷೆಯ ಕೆಲಸಕ್ಕೆ ಔರಾದಕ್ಕೇ ಹೋಗಬೇಕಾಯಿತು. ಬಸ್ ಸ್ಟ್ಯಾಂಡಿನಲ್ಲಿ ಆಟೊದವನು ಕೇಳಿದ: “ಎಲ್ಲಿ ಇಳೀತೀರಿ? ಫೋರ್‌ಟ್ವೆಂಟಿ ಅಂಗಡಿ ಈಚಿಗೋ, ಆಚಿಗೋ?”

“ಅದ್ಯಾವ ಅಂಗಡಿ?”

“ಆ ಮೋಟಾರಿನ ಬದ್ರೋದ್ದೀನಂದು. ವಿಡಿಯೊ ನೋಡಿಲ್ಲೇನ್ರಿ?”

ಮಾಯಾ ಸೆರಗಿನಿಂದ ಮುಖ ಒರೆಸಿಕೊಂಡರು. ಆ ಅಂಗಡಿಯ ಮುಂದೆಯೇ ಇಳಿದರು.

ಬದ್ರೋದ್ದೀನರು ಕೆಲಸವಿಲ್ಲದೆ ಒಬ್ಬರೇ ಕೂತಿದ್ದರು. ಅವರ ಹೆಂಡತಿ ಖುರ್ಷಿದ ಬೇಗಂ ಒಳಗಿನಿಂದ ಕುರ್ಚಿ ತಂದು ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಯಾರಿಗೆ ಅನಿಸಿತು.

“ನಾ ಏನಾರ ಮುಚ್ಚಿಟ್ಟಿದ್ನೇನ್ರಿ ಮೇಡಂ?” ಬದ್ರೋದ್ದೀನರು ಕೇಳಿದರು.

“ಇಲ್ರಿ.”

“ನಿಮಗ ಅವತ್ತೇ ಗೊತ್ತಿತ್ತು?”

“ಗೊತ್ತಿತ್ರಿ ಚಾಚಾ.”

“ಮತ್ತ ಯಾಕ ನಕ್ಕ್ರಿ?”

ಖುರ್ಷಿದ ಬೇಗಂ ಮೆಲ್ಲಗೆ ಹೇಳಿದರು: “ನಮ್ಮ ಮಗಳು ನಾಜಿಯಾ ನಿಮ್ಮ ಕಾಲೇಜಿಗೇ ಬರೋಳಿದ್ಳು. ಈಗ ಒಲ್ಲೆ ಅಂತಾಳ.”

ಮಾಯಾ ಅಲ್ಲಿಂದಲೇ ಪ್ರವೀಣಕುಮಾರನಿಗೆ ಫೋನ್ ಹಚ್ಚಿ ವಿಡಿಯೊ ತೆಗೆಯಲು ಹೇಳಿದರು. “ತೆಗೀತೇನ್ರಿ ಮೇಡಂ. ಆದ್ರ ಅದು ಎಲ್ಲಾರ ಮೊಬೈಲಿಗೂ ಹೋಗ್ಯದ,” ಎಂದ ಅವನು. ಆಗ ಅವರು ತಮ್ಮದೇ ಮೊಬೈಲನ್ನು ಮುಂದಿಟ್ಟುಕೊಂಡು, ಬೀದಿಯವರಿಗೂ ಕೇಳುವಂತೆ ಮಾತಾಡಿದರು: “ಆ ಯಂತ್ರ ನಡೀಲಿಲ್ಲ, ಅದು ಖರೆ. ಇವರು ಏನೂ ಮುಚ್ಚಿಟ್ಟಿರಲಿಲ್ಲ, ಅದೂ ಖರೆ. ಇವರೇ ನನ್ನ ಕರದು ತೋರಿಸಿದ್ರು. ಗೊತ್ತಿದ್ದೂ ನಾ ನಕ್ಕೆ. ತಪ್ಪು ನಂದು.”

ಅದನ್ನು ನೋಡಿದವರು ಕೆಲವೇ ಮಂದಿ. ಆದರೂ ಅಂಗಡಿಗೆ ಸುಟ್ಟ ಮೋಟಾರುಗಳು ನಿಧಾನಕ್ಕೆ ಮತ್ತೆ ಬರತೊಡಗಿದವು. ಬದ್ರೋದ್ದೀನರು ಎದುರು ಸಿಕ್ಕರೆ ಸಲಾಮು ಹೇಳುತ್ತಾರೆ. ಮನೆಗೆ ಬನ್ನಿ ಎನ್ನುವುದಿಲ್ಲ.

ನಾಜಿಯಾ ಭಾಲ್ಕಿಯ ಕಾಲೇಜಿಗೆ ಸೇರಿದಳು. ಈ ವರ್ಷ ಅಲ್ಲಿಗೆ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋದ ಮಾಯಾರ ಮುಂದೆ ಅವಳೇ ಬಂದು ನಿಂತಳು. ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರಿಸಿದಳು. ಅಪ್ಪ ಹೇಗಿದ್ದಾರೆ ಎಂಬ ಮಾತು ಮಾಯಾರ ಬಾಯಿತನಕ ಬಂತು. ಕೇಳಲಿಲ್ಲ. ಅಂಕ ಬರೆದರು. ಹುಡುಗಿ “ಥ್ಯಾಂಕ್ಸ್ ರೀ ಮೇಡಂ” ಎಂದು ಹೊರಟುಹೋದಳು. ಅವರು ಮುಂದಿನ ವಿದ್ಯಾರ್ಥಿಯ ಹೆಸರು ಕರೆದರು.