ಕಪಾಟು ಭಾವ

"ನಮ್ಮನೆ ಅಡುಗೆಮನೆ ಕಪಾಟಿನ ಬಾಗಿಲಲ್ಲಿ ಮುಖ ನೋಡ್ಕೊಂಡು ಗಡ್ಡ ಕೆರ್ಕೋಬಹುದು ಕಣಯ್ಯ" ಎಂದು ಕೊಚ್ಚಿಕೊಳ್ಳುವುದು ನನ್ನ ಅಕ್ಕನ ಗಂಡನ ಚಟ. ಬೆನ್ನ ಹಿಂದೆ ನಾವೆಲ್ಲ ಅವರನ್ನು ಕಪಾಟು ಭಾವ ಎನ್ನುತ್ತೇವೆ. ನಿವೃತ್ತರಾಗುವವರೆಗೆ ತಾವು ಕುಡಿದ ಲೋಟವನ್ನೂ ಎತ್ತಿಡದ ಈ ಮಹಾನುಭಾವರು ಈಗ ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಗಡಿ ಕಾಯುವ ಸೈನಿಕನಂತೆ ಒಲೆಯ ಪಕ್ಕ ನಿಂತಿರುತ್ತಾರೆ. ಎಣ್ಣೆ ಚಟ್ ಎಂದರೆ ಸಾಕು, ಹನಿ ಬಾಗಿಲಿಗೆ ತಾಗುವ ಮೊದಲೇ ಗಾಳಿಯಲ್ಲೇ ಒರೆಸಿಬಿಡುತ್ತಾರೆ. ಹಿಡಿಕೆಯ ಸಂದಿ ತಿಕ್ಕಲು ಅವರ ಜೇಬಿನಲ್ಲಿ ಸದಾ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು. ಆ ಮನೆಗೆ ಇರುವೆಗಳೂ ಕಾಲೊರೆಸಿಕೊಂಡೇ ಬರುತ್ತವೆ. ನೆಂಟರು ಕಪಾಟು ಮುಟ್ಟಿದರಂತೂ "ಬೆರಳು, ಬೆರಳು!" ಎಂದು ಕಿರುಚುತ್ತಾರೆ. ಹೀಗೆ ಉಜ್ಜಿ ಉಜ್ಜಿ ಬಾಗಿಲ ಹೊಳಪೆಲ್ಲ ಎಂದೋ ಹಾರಿಹೋಗಿದೆ. ಈಗ ಅದರಲ್ಲಿ ಗಡ್ಡವಿರಲಿ, ಇಡೀ ತಲೆಯೇ ಕಾಣುವುದಿಲ್ಲ. ಮೊನ್ನೆ ನಾನು ಹೋದಾಗ ಅಕ್ಕ ಒಂದು ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು, ಇನ್ನೊಂದರಿಂದ ಕಪಾಟಿನ ಹಿಡಿಕೆಗಾಗಿ ಬರಿ ಗೋಡೆ ತಡಕಿದಳು. ಹಾಲು ತುಳುಕಿ ಬಾಗಿಲಗುಂಟ ಇಳಿಯಿತು. ಅವಳಿಗೆ ತಿಳಿಯಲೇ ಇಲ್ಲ. ಭಾವ ಸದ್ದಿಲ್ಲದೆ ಒರೆಸಿದರು. ಆಮೇಲೆ ಅವಳು ಬಾಗಿಲ ಮೇಲೆ ಬೆರಳಾಡಿಸಿ, "ನೋಡಿದ್ಯೇನೋ, ಇವತ್ತೂ ಏನೂ ಚೆಲ್ಲಿಲ್ಲ ನಾನು" ಎಂದು, ನಾನು ಅಲ್ಲಿದ್ದೇನೆಂದುಕೊಂಡು ಕಿಟಕಿಯತ್ತ ತಿರುಗಿ ನಕ್ಕಳು. ನಾನು ಭಾವನನ್ನು ಹೊರಗೆ ಕರೆದು, "ಅಕ್ಕನಿಗೆ ಕಣ್ಣು ಕಾಣಲ್ಲ ಅಂತ ಯಾಕೆ ಹೇಳ್ಲಿಲ್ಲ ನೀವು?" ಎಂದು ದಬಾಯಿಸಿದೆ. ಅವರು ಬಟ್ಟೆ ಹಿಂಡುತ್ತ ಅಂದರು: "ಅವಳಿಗೆ ಕಾಣಲ್ಲ, ಸರಿ. ವಾರವಾರ ಬಂದು ಕಾಫಿ ಕುಡ್ದು ಹೋಗ್ತೀಯಲ್ಲ, ನಿನ್ನ ಕಣ್ಣಿಗೇನಾಗಿತ್ತಯ್ಯ?"