ಚೂಡಾಮಣಿ ಅತ್ತೆ ಹೆಣೆದ ಕಾಲುಚೀಲ

ನನ್ನ ಸೋದರತ್ತೆ ಚೂಡಾಮಣಿಗೆ ದೊಗಳೆ ಎಂದರೆ ಆಗದು. ರವಿಕೆ, ದಿಂಬಿನ ಗವಸು, ಕೊನೆಗೆ ರೇಡಿಯೋದ ಹೊದಿಕೆ ಕೂಡ ಸುಕ್ಕಿಲ್ಲದೆ ಕೂರಬೇಕು. ಗಂಡ ತೀರಿಕೊಂಡ ಮೇಲೆ ಜಯನಗರದ ನಮ್ಮ ಮನೆಗೆ ಬಂದವಳೇ ನಮ್ಮಪ್ಪನ ಷರಟುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದಳು. ಉಸಿರಾಡಲು ಕಷ್ಟ ಎಂದು ಅಪ್ಪ ಗೊಣಗಿದರೆ, "ಹೊಟ್ಟೆ ಕರಗಿಸು" ಎನ್ನುತ್ತಿದ್ದಳು. ಅವಳ ಮೇಲೆ ನನಗೆ ಆಗಾಗ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ಅರವತ್ತೆರಡರಲ್ಲಿ ಚೀನಾ ಯುದ್ಧ ಶುರುವಾದಾಗ ನಮ್ಮ ಬಡಾವಣೆಯ ಮಹಿಳಾ ಸಮಾಜಕ್ಕೆ ಖಾಕಿ ಬಣ್ಣದ ಉಣ್ಣೆ ದಾರ ಬಂತು. ಗಡಿಯಲ್ಲಿರುವ ಸೈನಿಕರಿಗೆ ಕಾಲುಚೀಲ ಹೆಣೆದು ಕಳಿಸಬೇಕು. ಜೊತೆಗೆ ಒಂದು ಮಾದರಿ, ಒಂದು ಅಳತೆಯ ಚೀಟಿ. ಕಾರ್ಯದರ್ಶಿ ಸರ್ವಮಂಗಳಾ ಆ ಮಾದರಿಯನ್ನು ಎತ್ತಿ ತೋರಿಸಿದಾಗ ಅತ್ತೆ ನಕ್ಕುಬಿಟ್ಟಳು.

"ಇದ್ರಲ್ಲಿ ಎರಡು ಸೇರು ರಾಗಿ ತುಂಬ್ಬಹುದು ಕಣ್ರೀ. ಯಾರೋ ಗುಮಾಸ್ತ ತಪ್ಪು ಬರ್ದಿದಾನೆ."

ಹಿಮ ಕಂಡವರು ನಮ್ಮಲ್ಲಿ ಯಾರಿದ್ದರು? ಯಾರೂ ಎದುರು ಹೇಳಲಿಲ್ಲ. ಅತ್ತೆ ಚೀಟಿಯ ಲೆಕ್ಕಕ್ಕಿಂತ ಸುತ್ತಿಗೆ ಎಂಟು ಕುಣಿಕೆ ಕಡಿಮೆ ಹಾಕಿದಳು. ಅಪ್ಪನ ಕಾಲಿಗೆ ಹಾಕಿ ನೋಡಿ, ಹಿಮ್ಮಡಿ ಸರಿಯಾಗಿ ಕೂರುವವರೆಗೆ ಮೂರು ಸಲ ಬಿಚ್ಚಿ ಹೆಣೆದಳು. ಉಳಿದ ಹೆಂಗಸರಿಗೂ ಅದೇ ಲೆಕ್ಕ ಹೇಳಿಕೊಟ್ಟಳು. ಅರವತ್ತು ಜೊತೆ ಹೋದವು.

ಸಂಕ್ರಾಂತಿ ಕಳೆದ ಮೇಲೆ ಸಮಾಜದವರು ಕಿತ್ತಳೆ ಹಣ್ಣು ಹಿಡಿದುಕೊಂಡು ಮಿಲಿಟರಿ ಆಸ್ಪತ್ರೆಗೆ ಹೋದರು. ನಾನೂ ಹೋಗಿದ್ದೆ. ಅಲ್ಲಿ ತಲಘಟ್ಟಪುರದ ಬೋರಣ್ಣ ಎಂಬ ಸೈನಿಕ ಮಲಗಿದ್ದ. ಅವನ ಎರಡು ಕಾಲಿನಲ್ಲೂ ಬೆರಳಿರಲಿಲ್ಲ. ಚಳಿಗೆ ಕಪ್ಪಾಗಿ ಕತ್ತರಿಸಬೇಕಾಯಿತಂತೆ.

"ಬೂಟಿನೊಳಗೆ ಸಡಿಲ ಇರ್ಬೇಕಮ್ಮ" ಎಂದರು ಅಲ್ಲಿದ್ದ ನರ್ಸು. "ಕಾಲುಚೀಲ ಬಿಗಿಯಾದ್ರೆ ರಕ್ತ ಓಡಲ್ಲ, ಬೆರಳು ಸತ್ತೋಗತ್ತೆ."

ಅತ್ತೆ ಹಣ್ಣು ಕೊಡುವುದನ್ನೂ ಮರೆತು ನಿಂತಳು. ಅವನನ್ನು ಏನಾದರೂ ಕೇಳುವ ಧೈರ್ಯ ಆಗ ಅವಳಿಗೆ ಬರಲಿಲ್ಲ.

ಅಂದಿನಿಂದ ಬೋರಣ್ಣನ ಕಾಲುಗಳು ನಮ್ಮ ಮನೆಯಲ್ಲೇ ಬಂದು ಇದ್ದುಬಿಟ್ಟವು. ಬಂದವರ ಮುಖ ನೋಡುವ ಮೊದಲು ಅತ್ತೆ ಅವರ ಕಾಲ್ಬೆರಳು ನೋಡುತ್ತಿದ್ದಳು. ಒಂದು ಮಧ್ಯಾಹ್ನ ಹಿತ್ತಲಿಗೆ ಹೋದರೆ, ತಾನು ಹೆಣೆದ ಕಾಲುಚೀಲ ಹಾಕಿಕೊಂಡು ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದಾಳೆ. ನೀರಿನ ತುಂಬ ಸೋಡಾ ಅಂಗಡಿಯಿಂದ ತರಿಸಿದ ಐಸು. ನಾನು ಎಳೆದರೆ ಬರಲಿಲ್ಲ.

"ಇನ್ನೂ ನೋವು ಗೊತ್ತಾಗ್ತಿದೆ ಜಯಾ. ಇನ್ನೊಂಚೂರು ಇರು."

ಕಾಲುಚೀಲ ಬಿಚ್ಚಿದಾಗ ಬೆರಳುಗಳು ನೀಲಿಗಟ್ಟಿದ್ದವು. ನನಗೆ ಭಯದಿಂದ ಅಳು ಬಂತು, ಬಾಯಿಗೆ ಬಂದ ಹಾಗೆ ಬೈದೆ. ಸಾವಿರಾರು ಜೊತೆ ಹೋಗಿವೆ, ನಿನ್ನದೇ ಅವನಿಗೆ ಸಿಕ್ಕಿತ್ತು ಅಂತ ಯಾರು ಕಂಡರು ಎಂದೆ. "ಅದನ್ನೇ ತಿಳ್ಕೋಬೇಕು" ಎಂದಳು.

ತಿಳಿದುಕೊಳ್ಳಲು ಎರಡು ವರ್ಷ ಬೇಕಾಯಿತು. ಆ ಹಳೆಯ ಚೀಟಿಯ ಅಳತೆಯಂತೆಯೇ ಒಂದು ಜೊತೆ ಹೆಣೆದು, ನನ್ನನ್ನು ಕರೆದುಕೊಂಡು ತಲಘಟ್ಟಪುರದ ಬಸ್ಸು ಹತ್ತಿದಳು. ಬೋರಣ್ಣ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದ. ಅತ್ತೆ ನೆಲದ ಮೇಲೆ ಕೂತು, ಬೇಡ ಬೇಡ ಎಂದರೂ ಕೇಳದೆ ಅವನ ಕಾಲಿಗೆ ತಾನೇ ಕಾಲುಚೀಲ ಹಾಕಿದಳು. ಆಮೇಲೆ ಕೇಳಿದಳು.

"ಯುದ್ಧದಲ್ಲಿ ನೀನು ಹಾಕ್ಕೊಂಡಿದ್ದ ಕಾಲುಚೀಲ ಬಿಗಿಯಾಗಿತ್ತೇನಪ್ಪ?"

ಬೋರಣ್ಣನ ಮುಖ ಅರಳಿತು.

"ಅದಾ? ಜಯನಗರದ್ದು ಅಂತ ಚೀಟಿ ಇತ್ತು ಕಣಮ್ಮ. ನಮ್ಮೂರ ಕಡೇದು ಅಂತ ಜಗಳ ಆಡಿ ಇಸ್ಕೊಂಡೆ. ಏನ್ ಚೆನ್ನಾಗಿ ಕೂತಿತ್ತು ಅಂತೀರಾ. ಮೂರು ದಿನ ಬಿಚ್ಚೋಕೆ ಮನಸೇ ಬರ್ಲಿಲ್ಲ."

ಅತ್ತೆ ಅವನ ಪಾದ ಹಿಡಿದೇ ಇದ್ದಳು. ಹೊಸ ಕಾಲುಚೀಲದ ತುದಿ, ಬೆರಳಿಲ್ಲದ ಕಡೆ ಜೋತುಬಿದ್ದಿತ್ತು. ಅವನು ಅದನ್ನು ಚಿವುಟಿ ತೋರಿಸಿದ.

"ಇದು ದೊಗಳೆ ಆಯ್ತು, ನಿಲ್ಲಲ್ಲ. ತಪ್ಪು ತಿಳ್ಕೋಬೇಡಿ, ಅದೇ ಥರ ಬಿಗಿಯಾಗಿ ಒಂದು ಜೊತೆ ಹೆಣೆದುಕೊಡ್ತೀರಾ?"

"ಹೆಣೆದುಕೊಡ್ತೀನಿ ಕಣಪ್ಪ" ಎಂದಳು ಅತ್ತೆ.