ಕೆಂಪು ಬಿಟ್ಟು ಏಳದ ಮುಳ್ಳು

ತೊಕ್ತೊಸುನ್ ನನ್ನ ಚಿಕ್ಕಮ್ಮನ ಮಗ. ಎತ್ತರದ ಬೆಟ್ಟದೂರು ಮುರ್ಗಾಬಿನಲ್ಲಿ ಚಮರಿಮೃಗ ಸಾಕುವವನು. ಅವನ ಮದುವೆಯಲ್ಲಿ, ಕೆಳಗೆ ಬಯಲಿನ ಓಶ್ ಪಟ್ಟಣದ ಮಾವ ಮಗಳ ಜೊತೆ ತನ್ನ ಹಳೆಯ ಜಿಗುಲಿ ಕಾರನ್ನೂ ಕೊಟ್ಟು ಕಳಿಸಿದ. ನಮ್ಮೂರಿಗೆ ಹತ್ತಿದ ಮೇಲೆ ಎರಡೂ ಸೊರಗಿದವು.

ಕಾರಿನಲ್ಲಿ ಪೆಟ್ರೋಲ್ ಹಿತಮಿತವಾಗಿ ಉರಿಯುತ್ತಿದೆಯೇ ಎಂದು ತೋರಿಸುವ ಒಂದು ಮುಳ್ಳಿತ್ತು. ಹಸಿರಿಗೆ ಏಳಬೇಕಾದದ್ದು ಕೆಂಪಿನಲ್ಲೇ ಬಿದ್ದಿರುತ್ತಿತ್ತು. ಇಂಜಿನ್ನು ಗಾಳಿ ಹೀರುವ ಸೆಳೆತವನ್ನು ಅದಕ್ಕೆ ತಲುಪಿಸುವ ಸಣ್ಣ ಕೊಳವೆ ಒಡೆದಿದೆಯೆಂದು ತೊಕ್ತೊಸುನ್ ಹೊಸದು ಹಾಕಿದ. ಆಗಲಿಲ್ಲ. ಕೊಳವೆಯ ತುದಿಯನ್ನು ಬಾಯಲ್ಲಿಟ್ಟು ಹೀರಿದ. ಮುಳ್ಳು ಚಂಗನೆ ಎದ್ದಿತು. ಹಾಗಾದರೆ ಮುಳ್ಳು ಸರಿ, ಇಂಜಿನ್ನೇ ಕೆಟ್ಟಿದೆ ಎಂದು ಅದನ್ನು ಬಿಚ್ಚಿ ಹರಡಿಕೊಂಡು ಕೂತ.

ಅತ್ತ ಹೆಂಡತಿ ಐಮ್ಕಾನ್ ನೀರಿನ ಬಕೆಟ್ ಕೆಳಗಿಟ್ಟು ದಾರಿಯಲ್ಲೇ ಕೂರುತ್ತಿದ್ದಳು. ತುಟಿ ನೀಲಿ, ರಾತ್ರಿಯಿಡೀ ತಲೆನೋವು.

"ಬಯಲುಸೀಮೆ ಸಾಮಾನು, ಕಾರೂ ಅಷ್ಟೇ, ಸೊಸೇನೂ ಅಷ್ಟೇ. ಎರಡೂ ತಳ್ಳದೆ ಹೋಗಲ್ಲ," ಅನ್ನುತ್ತಿದ್ದಳು ಚಿಕ್ಕಮ್ಮ. ನಾವೂ ನಗುತ್ತಿದ್ದೆವು. ಬೆಟ್ಟದಲ್ಲಿ ಹುಟ್ಟಿದವರಿಗೆ ಏದುಸಿರು ಅಂದರೆ ಸೋಮಾರಿತನ. ಆ ಹುಡುಗಿ ಆ ಚಳಿಗಾಲ ಹೇಗೆ ಉಳಿದಳೋ.

ವಸಂತದಲ್ಲಿ ಇಂಜಿನ್ನು ಮತ್ತೆ ಜೋಡಿಸಿ, ಕಾರನ್ನು ಮೆಕ್ಯಾನಿಕ್‌ಗೆ ತೋರಿಸಲು ಅವನು ಓಶ್‌ಗೆ ಹೊರಟ. ತವರು ನೋಡುತ್ತೇನೆಂದು ಅವಳೂ ಹತ್ತಿದಳು, ಉಣ್ಣೆ ಮಾರಲು ನಾನೂ. ಕಣಿವೆಗಳನ್ನು ಇಳಿದಂತೆಲ್ಲ ಮುಳ್ಳು ತಾನಾಗಿ ಮೇಲೇಳತೊಡಗಿತು.

"ನೋಡು, ನೋಡು! ಹಸಿರಿಗೆ ಬಂತು!" ಎಂದು ಕುಣಿದ ತೊಕ್ತೊಸುನ್. ಹಿಂದಿನ ಸೀಟಿನಲ್ಲಿ ಹೆಂಡತಿ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಅದು ಅವನ ಕಿವಿಗೆ ಬೀಳಲಿಲ್ಲ.

ಓಶ್‌ನ ಮೆಕ್ಯಾನಿಕ್ ಹಾಶಿಮ್ ಕೈ ಒರೆಸಿಕೊಂಡು ನಕ್ಕ. "ಏನೂ ಕೆಟ್ಟಿಲ್ಲ ಕಣಪ್ಪ. ನಿಮ್ಮೂರಲ್ಲಿ ಗಾಳಿನೇ ಇಲ್ಲ, ಮುಳ್ಳು ಎಲ್ಲಿಂದ ಏಳುತ್ತೆ? ನೀನು ಏನು ಬಿಚ್ಚಿದ್ರೂ ಅಷ್ಟೇ."

ಐಮ್ಕಾನ್ ಗಂಡನ ಮುಖವನ್ನೇ ನೋಡಿದಳು. "ಕೇಳಿಸ್ತಾ?" ಅಂದಳು. "ನಾನು ಮೇಲಕ್ಕೆ ಬರಲ್ಲ. ನೀವೇ ಇಳಿದು ಬನ್ನಿ."

"ಚಮರಿಗಳು ಈ ಸೆಕೇಲಿ ಬದುಕಲ್ಲ, ಐಮ್ಕಾನ್. ಅಮ್ಮನೂ ಇಳಿದು ಬರೋಳಲ್ಲ."

"ಗೊತ್ತು," ಅಂದಳು. ಅವಳಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಜಗಳವಾಡಲಾದರೂ ಆಗುತ್ತಿತ್ತು. ಹೊರಡುವಾಗ ಅವಳ ಅಮ್ಮ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟರು. ಇಬ್ಬರಿಗಾಗುವಷ್ಟೇ ಇತ್ತು.

ನಾವಿಬ್ಬರೇ ಹಿಂದಿರುಗಿದೆವು. ಮನೆ ಮುಂದೆ ಕಾರು ನಿಂತಾಗ ಚಿಕ್ಕಮ್ಮ ಬಗ್ಗಿ ಹಿಂದಿನ ಸೀಟು ನೋಡಿದಳು.

"ಎಲ್ಲೋ ಆ ಮಹಾರಾಣಿ? ತವರಲ್ಲಿ ಏನು ಮಾಡ್ತಿದ್ದಾಳೆ?"

"ಉಸಿರಾಡ್ತಿದ್ದಾಳೆ ಅಮ್ಮ," ಅಂದ ತೊಕ್ತೊಸುನ್.